ಎಂಟರಲ್ಲಿ ಮೂರು ಉಳೀತು

ತೀರ್ಥಹಳ್ಳಿ ಕಡೆ ಮೂರು ದಿನದಿಂದ ಮಳೆ ಬಿಟ್ಟಿಲ್ಲ, ತೋಟಕ್ಕೆ ಔಷಧಿ ಹೊಡೆಯೋಕೂ ಆಗ್ತಿಲ್ಲ, ಕರೆಂಟೂ ಇಲ್ಲ, ಹಂಗಾಗಿ ಬಹಳ ದಿನದಿಂದ ಮುಂದೂಡ್ತಾ ಬಂದಿದ್ದ ಕೆಲಸಕ್ಕೆ ಕೂತೆ, ನಂದೇ ಒಂದು ಜೀವನ ನಿಯಮ, ಅಂದ್ರೆ ಪ್ರಾರ್ಥನೆ ಪೂಜೆ ಎಲ್ಲಾ ಯಾವಾಗ ಹೆಂಗೆ ಅನ್ನೋ ಪಟ್ಟಿ, ಬರೆಯೋದು. ಮೊದಲು ಎಂಟು ಐಟಂ ಇತ್ತು, ನಾಲ್ಕೂವರೆಗೆ ಏಳೋದು, ದಿನಾ ಬಲಿಪೂಜೆ ಅಂದ್ರೆ ಚರ್ಚಿನ ಮಾಸ್ (ಅಲ್ಲಿಗೆ 14 ಕಿಲೋಮೀಟರ್, ಬಸ್ಸು ಬಂದ್ರೆ ಬಂತು), ಪೂರ್ತಿ ಜಪಸರ, ಇನ್ನೂ ಏನೇನೋ. ಫಾದರ್‌ಗೆ ತೋರಿಸಿದ್ರೆ ನಕ್ಕುಬಿಟ್ರು, "ಮಠ ಕಟ್ತಿದೀಯೇನಪ್ಪ?" ಅಂದ್ರು. ಸಂತ ಬೆನೆಡಿಕ್ಟರು 6ನೇ ಶತಮಾನದಲ್ಲಿ 73 ಅಧ್ಯಾಯದ ನಿಯಮ ಬರೆದಿದ್ದು ಒಟ್ಟಿಗೆ ಬಾಳೋ ಸನ್ಯಾಸಿಗಳಿಗೆ, ಅದರಲ್ಲೂ ವಯಸ್ಸಾದವ್ರಿಗೆ ಕಾಯಿಲೆಯವ್ರಿಗೆ ರಿಯಾಯಿತಿ ಇದೆ, ನನಗೆ ನಾನೇ ಒಂದೂ ಕೊಟ್ಕೊಂಡಿರಲಿಲ್ಲ.

ಈಗ ಉಳಿದಿದ್ದು ಮೂರು. ಮೊಬೈಲ್ ಮುಟ್ಟೋಕೆ ಮುಂಚೆ ಬೈಬಲ್‌ನ ಒಂದು ಕೀರ್ತನೆ, ಭಾನುವಾರದ ಪೂಜೆ, ರಾತ್ರಿ ಯೇಸುಸಭೆ (ಜೆಸ್ವಿಟ್ ಗುರುಗಳ ಸಂಘ) ಕಟ್ಟಿದ ಸಂತ ಇಗ್ನೇಷಿಯಸರು ಹೇಳಿಕೊಟ್ಟ ಆತ್ಮಪರೀಕ್ಷೆ, ಅಂದ್ರೆ ಮೊದಲು ದೇವರಿಗೆ ಥ್ಯಾಂಕ್ಸ್ ಹೇಳಿ ಆಮೇಲೆ ಇಡೀ ದಿನಾನ ತಿರುಗಿ ನೋಡೋದು. ಮನಸ್ಸು ಬರಡಾಗಿರೋವಾಗ ಮುಂಚೆ ಮಾಡಿದ ನಿರ್ಧಾರ ಬದಲಾಯಿಸ್ಬಾರದು ಅಂತಾನೂ ಅವ್ರು ಹೇಳಿದಾರೆ, ನನಗೆ ಬೇಕಾಗಿದ್ದು ಅದೇ ಮಾತು. ನಿನ್ನೆ ಮೇಣದಬತ್ತಿ ಹಚ್ಚಿ ಕೂತವನು ಮಧ್ಯಾಹ್ನದ ಊಟದ ತನಕ ನೆನಪು ಮಾಡ್ಕೊಳ್ಳೋದ್ರೊಳಗೆ ನಿದ್ದೆ ಹೋಗಿದ್ದೆ, ಅಮ್ಮ ಬಂದು ಬತ್ತಿ ಆರಿಸಿದಾಳೆ.