ಎಚ್‌ಐವಿಯ ತುಂಡೊಂದು ಔಷಧಿ ಹೊತ್ತಾಗ

ಎಚ್‌ಐವಿ ಅಂದರೆ ಈಗಲೂ ಎದೆ ಝಲ್ ಅನ್ನುತ್ತದೆ, ಅಲ್ವಾ? ಆದರೆ ಅದರ ಟ್ಯಾಟ್ ಅನ್ನೋ ಪ್ರೋಟೀನು ಹೊರಗಿನಿಂದ ತಾನಾಗಿಯೇ ಜೀವಕೋಶದೊಳಗೆ ನುಗ್ಗುತ್ತದೆ ಅಂತ 1988ರಲ್ಲೇ ಗೊತ್ತಾಯಿತು. ಅಷ್ಟಕ್ಕೆ ಇಡೀ ಪ್ರೋಟೀನೂ ಬೇಡ, 11 ಅಮೈನೋ ಆಮ್ಲಗಳ (ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳ) ತುಂಡು ಸಾಕು. ಅದರಲ್ಲಿ 6 ಆರ್ಜಿನೀನ್, 2 ಲೈಸೀನ್. ಈ ಎಂಟರದ್ದೂ ಪಾಸಿಟಿವ್ ವಿದ್ಯುದಂಶ, ಕೋಶದ ಹೊರಮೈಯದ್ದು ನೆಗೆಟಿವ್, ಹಾಗಾಗಿ ಹೋಗಿ ಅಂಟಿಕೊಳ್ಳುತ್ತದೆ. ಈ ತುಂಡಿನಿಂದ ರೋಗ ಬರುವುದಿಲ್ಲ. ಕ್ಯಾನ್ಸರ್‌ನಂಥ ರೋಗದ ಔಷಧಿ ತುಂಬಿದ ನ್ಯಾನೋಕಣದ (ಕಣ್ಣಿಗೆ ಕಾಣದಷ್ಟು ಪುಟ್ಟ ಕಣದ) ಮೈಗೆ ಇದನ್ನು ಅಂಟಿಸಿದರೆ ಕಣವೂ ಒಳಗೆ ಹೋಗುತ್ತದೆ!

ನಿಜವಾದ ತೊಡಕು ಒಳಗೆ ಹೋದ ಮೇಲೆ. ಕೋಶ ಅದನ್ನು ಎಂಡೋಸೋಮ್ ಅನ್ನೋ ಪುಟ್ಟ ಚೀಲದಲ್ಲಿ ಕಟ್ಟಿಹಾಕುತ್ತದೆ, ಚೀಲದೊಳಗೆ ಹುಳಿ ಏರುತ್ತಾ ಹೋಗುತ್ತದೆ, ಹೊರಗೆ ಬರದಿದ್ದರೆ ಔಷಧಿಯೇ ಹಾಳಾಗಬಹುದು. ಅದಕ್ಕೇ ಹುಳಿ ತಾಗಿದಾಗ ಬಿಚ್ಚಿಕೊಳ್ಳುವ ಕಣಗಳನ್ನು ಮಾಡುತ್ತಿದ್ದಾರೆ. ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು: ಟ್ಯಾಟ್‌ಗೆ ಕ್ಯಾನ್ಸರ್ ಕೋಶ ಯಾವುದು, ಒಳ್ಳೆಯ ಕೋಶ ಯಾವುದು ಅಂತ ಗೊತ್ತಾಗುವುದಿಲ್ಲ.