ಸುಳ್ಳು ವಿಳಾಸಗಳ ಲೆಕ್ಕ ಸಿಗುವುದೇಕೆ ಕಷ್ಟ

ಅಂತರಜಾಲದಲ್ಲಿ ಮಾಹಿತಿ ಹೊತ್ತೊಯ್ಯುವ ಸಣ್ಣ ತುಣುಕಾದ ಪ್ಯಾಕೆಟ್ಟೊಂದನ್ನು ಮುಂದೆ ಸಾಗಿಸುವಾಗ, ಅದಕ್ಕೆ ದಾರಿ ತೋರುವ ಸಾಧನಗಳಾದ ರೂಟರ್‌ಗಳು ಸಾಮಾನ್ಯವಾಗಿ ನೋಡುವುದು ಅದು ತಲುಪಬೇಕಾದ ವಿಳಾಸವನ್ನು ಮಾತ್ರ. ಹಾಗಾಗಿ ದಾಳಿಕೋರರು ಕಳುಹಿಸಿದವರ ಜಾಗದಲ್ಲಿ ಸುಳ್ಳು ವಿಳಾಸ ಹಾಕಬಹುದು. ಕಳುಹಿಸಿದವರ ಐಪಿ ವಿಳಾಸ ನಿಜವೇ ಎಂಬ ತಪಾಸಣೆ ಪ್ಯಾಕೆಟ್ ಹೊರಡುವ ಜಾಲದ ಅಂಚಿನಲ್ಲಿಯೇ ನಡೆಯಬೇಕೆಂದು ಜಾಲ ನಿರ್ವಹಣೆಯ ಉತ್ತಮ ರೂಢಿಗಳನ್ನು ಹೇಳುವ ಬಿಸಿಪಿ 38 ಎಂಬ ದಾಖಲೆ 2000ದಲ್ಲಿಯೇ ಶಿಫಾರಸು ಮಾಡಿತು. ಯಾರು ಪಾಲಿಸುತ್ತಿದ್ದಾರೆ ಎಂಬುದು ಮಾತ್ರ ಹೊರಗಿನಿಂದ ಸುಲಭವಾಗಿ ಕಾಣುವುದಿಲ್ಲ.

ನೇರವಾದ ಪರೀಕ್ಷೆಯೆಂದರೆ ಜಾಲದ ಒಳಗಿನಿಂದಲೇ ಸುಳ್ಳು ವಿಳಾಸದ ಪ್ಯಾಕೆಟ್ ಕಳುಹಿಸಿ, ಅದು ಹೊರಗಿನ ಸರ್ವರ್ ತಲುಪಿತೇ ಎಂದು ನೋಡುವುದು. 2005ರಲ್ಲಿ ಎಂಐಟಿಯಲ್ಲಿ ಆರಂಭವಾಗಿ ಮುಂದೆ ಅಂತರಜಾಲವನ್ನು ಅಳೆದು ಅಧ್ಯಯನ ಮಾಡುವ ಕೈಡಾ ಸಂಸ್ಥೆಗೆ ಬಂದ ಸ್ಪೂಫರ್ ಯೋಜನೆ ಅನುಸರಿಸಿದ್ದು ಇದೇ ದಾರಿಯನ್ನು. ಇದಕ್ಕೆ ಪ್ರತಿ ಜಾಲದಲ್ಲೂ ತಂತ್ರಾಂಶ ಚಲಾಯಿಸುವ ಸ್ವಯಂಸೇವಕರು ಬೇಕು. ಅಂಥವರು ಇರುವ ಜಾಲಗಳು ಇಡೀ ಅಂತರಜಾಲದ ಮಾದರಿಯಲ್ಲ ಎಂಬುದೇ ನನಗೆ ಎಲ್ಲಕ್ಕಿಂತ ದೊಡ್ಡ ತೊಡಕಾಗಿ ಕಾಣುತ್ತದೆ. ಮೇಲಾಗಿ, ಮನೆಯ ರೂಟರಿನ ನ್ಯಾಟ್ ವ್ಯವಸ್ಥೆ (ಮನೆಯೊಳಗಿನ ವಿಳಾಸಗಳನ್ನು ಹೊರಗಿನ ವಿಳಾಸಕ್ಕೆ ಬದಲಿಸುವಂಥದ್ದು) ಸುಳ್ಳು ವಿಳಾಸವನ್ನು ತಿದ್ದಿ ಕಳುಹಿಸಬಹುದು ಅಥವಾ ಪ್ಯಾಕೆಟ್ಟನ್ನೇ ಕೈಬಿಡಬಹುದು. ಆಗ ನಾವು ಅಳೆದದ್ದು ಸೇವಾದಾರರ ಶಿಸ್ತನ್ನಲ್ಲ, ಆ ಪೆಟ್ಟಿಗೆಯ ಸ್ವಭಾವವನ್ನು. ಪ್ಯಾಕೆಟ್ ತಲುಪದಿದ್ದರೆ ಅದನ್ನು ತಡೆದವರು ಮೂಲ ಜಾಲದವರೋ, ನಡುದಾರಿಯವರೋ ಎಂಬ ಸಂಶಯವೂ ಉಳಿಯುತ್ತದೆ.

ಸುಳ್ಳು ವಿಳಾಸದ ಪ್ಯಾಕೆಟ್ಟುಗಳಿಂದ ದಾಳಿಗೊಳಗಾದ ಯಂತ್ರಗಳು ಆ ಸುಳ್ಳು ವಿಳಾಸಗಳಿಗೆ ಕಳುಹಿಸುವ ಉತ್ತರಗಳನ್ನು ಬಳಕೆಯಿಲ್ಲದ ವಿಳಾಸಗಳಲ್ಲಿ ಹಿಡಿದು ಅಧ್ಯಯನ ಮಾಡುವ ವಿಧಾನವೂ ಇದೆ. ಅದರಿಂದ ಪೆಟ್ಟು ತಿಂದವರು ತಿಳಿಯುತ್ತಾರೆಯೇ ಹೊರತು, ಪ್ಯಾಕೆಟ್ ಹೊರಟ ಜಾಲವಲ್ಲ.