ಕ್ರಿಯಾಪದಕ್ಕೆ ಎಂತ ಅವಸರ?

ಮೊದಲ ವರ್ಷದ ಲ್ಯಾಟಿನ್ ಕಷ್ಟವೇನಲ್ಲ. ವಿಭಕ್ತಿಗಳನ್ನು ಬಾಯಿಪಾಠ ಮಾಡಿದರೆ ಪಾಸಾಗಬಹುದು. ಎರಡನೇ ವರ್ಷ ರೋಮನ್ ಸೇನಾಪತಿ ಸೀಸರ್‌ನನ್ನು ಓದಬೇಕು. ಅವನ ಒಂದು ವಾಕ್ಯ ಶುರುವಾದರೆ ಆರೇಳು ಸಾಲಿಗೂ ಮುಗಿಯುವುದಿಲ್ಲ. ನಮ್ಮ ಇಂಗ್ಲಿಷ್ ವ್ಯಾಕರಣ ಪುಸ್ತಕ ಹೇಳಿಕೊಟ್ಟ ಉಪಾಯ ಒಂದೇ: ಮೊದಲು ಕ್ರಿಯಾಪದ ಹುಡುಕು, ಆಮೇಲೆ ಕರ್ತೃ, ಆಮೇಲೆ ಉಳಿದದ್ದು. ಪೆನ್ಸಿಲಿನಲ್ಲಿ ಬಾಣ ಎಳೆದೆಳೆದು ಪುಟ ಕಪ್ಪಾಗುತ್ತಿತ್ತು, ಅರ್ಥ ಮಾತ್ರ ಆಗುತ್ತಿರಲಿಲ್ಲ.

ಕಲಿಸುತ್ತಿದ್ದ ಫಾದರ್ ಆಗಲೇ ನಿವೃತ್ತರಾಗಿದ್ದರು. ಪ್ರಾಕ್ಟಿಕಲ್ ಮುಗಿಸಿ ಬರುವ ನಾಲ್ಕೈದು ಮಂದಿಗೆ ಸಂಜೆ ಪಾಠ. ಜುಲೈಯಲ್ಲಿ ಹಂಚಿನ ಮಾಡಿನ ಮೇಲೆ ಮಳೆ ಬಡಿದರೆ ಸುಮ್ನೆ ಕೂರಬೇಕು, ಏನೂ ಕೇಳದು. ಅಂಥ ಒಂದು ಮಳೆ ನಿಂತ ಮೇಲೆ ಅವರು ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದರು: ‘ಅಡಿಕೆ ಮಾರಿ ಬಂದ ದುಡ್ಡಿನಲ್ಲಿ ಮಗಳಿಗೆ ಬಳೆ ತೆಗೆದುಕೊಂಡು ರಾತ್ರಿ ಬಸ್ಸಿಗೆ ಮನೆಗೆ ಬಂದ ಅಪ್ಪನಿಗೆ ಅಮ್ಮ ಬೈದಳು.’

“ಇದರಲ್ಲಿ ಮೊದಲು ‘ಬೈದಳು’ ಹುಡುಕಿದಿರಾ? ಇಲ್ಲ ಅಲ್ವಾ? ಕೊನೆಯವರೆಗೆ ಆರಾಮ ಕಾದಿರಿ. ಸೀಸರ್‌ನ ಹತ್ತಿರ ಮಾತ್ರ ಎಂತ ಅವಸರ ಮಾರಾಯ್ರೆ?”

ಅಲ್ಲಿಂದ ಬಾಣ ಎಳೆಯುವುದು ನಿಂತಿತು. ಪ್ರತ್ಯಯ ನೋಡುತ್ತಾ ಎಡದಿಂದ ಬಲಕ್ಕೆ ಓದುವುದು, ಅಷ್ಟೇ. ಕ್ರಿಯಾಪದ ಕೊನೆಗೆ ಬರುವುದು ನಮಗೆ ಹೊಸತಲ್ಲ. ‘ಹಿಸ್ ರೆಬುಸ್ ಕೊಗ್ನಿಟಿಸ್’ ಎಂದು ಸೀಸರ್ ಶುರು ಮಾಡಿದರೆ ‘ಈ ಸಂಗತಿ ತಿಳಿದ ಮೇಲೆ’ ಅಂತ ಮನಸ್ಸು ತಾನಾಗಿ ಓದಿಕೊಳ್ಳುತ್ತಿತ್ತು. ಸಂಸ್ಕೃತ ಓದಿ ಬಂದಿದ್ದ ಉಡುಪಿಯ ಗೆಳೆಯನಂತೂ “ಇದು ಸತಿ ಸಪ್ತಮಿಯೇ” ಎಂದು ಬೀಗುತ್ತಿದ್ದ. ಸಂಸ್ಕೃತದಲ್ಲಿ ‘ಹೀಗಾದ ಮೇಲೆ’ ಎನ್ನುವುದನ್ನು ಸಪ್ತಮಿ ವಿಭಕ್ತಿಯಲ್ಲಿ ಹೇಳುವ ಕ್ರಮ ಅದು. ಪೂರ್ತಿ ಸರಿಯಲ್ಲ, ಇದು ಆಬ್ಲೇಟಿವ್. ಆದರೆ ತೃತೀಯಾ, ಪಂಚಮಿ, ಸಪ್ತಮಿ ಮೂರರ ಕೆಲಸವನ್ನೂ ಆ ಒಂದೇ ವಿಭಕ್ತಿ ಮಾಡುವುದರಿಂದ ಅವನನ್ನು ಬಿಟ್ಟುಬಿಟ್ಟೆವು.

ಕನ್ನಡ ಕೈಕೊಟ್ಟದ್ದು ಪರೋಕ್ಷ ಮಾತಿನಲ್ಲಿ. ಜರ್ಮನ್ ದೊರೆ ಅರಿಯೊವಿಸ್ಟಸ್ ಸೀಸರ್‌ನಿಗೆ ಉದ್ದಕ್ಕೆ ಉತ್ತರ ಕೊಡುತ್ತಾನೆ. ನಾವಾದರೆ ಕೊನೆಗೊಂದು ‘ಎಂದು’ ಹಾಕಿ ಮುಗಿಸುತ್ತೇವೆ. ಲ್ಯಾಟಿನ್ನಿನಲ್ಲಿ ಅದಿಲ್ಲ. ಹೇಳಿದ ಮಾತಿನೊಳಗಿನ ಮುಖ್ಯ ವಾಕ್ಯದ ಕರ್ತೃ ದ್ವಿತೀಯಾ ವಿಭಕ್ತಿಗೆ ಇಳಿಯುತ್ತಾನೆ. ಅಲ್ಲಿ ಯಾರು ಯಾರಿಗೆ ಏನು ಮಾಡಿದರು ಅಂತ ಇವತ್ತಿಗೂ ನಾನು ಎರಡು ಸಲ ನೋಡುತ್ತೇನೆ.

ಉಚ್ಚಾರಣೆಯ ಜಗಳ ಬೇರೆ. ರೋಮಿನ ಆ ಹೆಸರಾಂತ ವಾಗ್ಮಿ ಪುಸ್ತಕದ ಪ್ರಕಾರ ‘ಕಿಕೆರೋ’. ಅಜ್ಜನಿಂದ ಲ್ಯಾಟಿನ್ ಪೂಜೆಯ ಹಾಡು ಕಲಿತಿದ್ದ ಬೆಂದೂರಿನ ಹುಡುಗಿಗೆ ‘ಚಿಚೆರೋ’. ನಮಗೆಲ್ಲ ಸಿಸೆರೊ. ಫಾದರ್ ಮೂರಕ್ಕೂ ತಲೆಯಾಡಿಸುತ್ತಿದ್ದರು.

ನನಗೆ ಜಾಸ್ತಿ ನೆನಪಿರುವುದು ಪ್ಲಿನಿಯ ಪಾಠ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತನಲ್ಲ, ಆ ರೋಮನ್ ಲೇಖಕ. ಅವನ ಪ್ರಕೃತಿ ಚರಿತ್ರೆ ಒಟ್ಟು 37 ಪುಸ್ತಕ. ಆರನೆಯದರಲ್ಲಿ ಭಾರತಕ್ಕೆ ಬರುವ ದಾರಿ ಇದೆ: ಕೆಂಪು ಸಮುದ್ರದ ಬಾಯಿಯ ಒಕೆಲಿಸ್‌ನಿಂದ ಗಾಳಿ ಹಿಡಿದು ಹೊರಟರೆ 40 ದಿನಕ್ಕೆ ಕೇರಳದ ಮುಜಿರಿಸ್. ಆದರೆ ಅದು ‘ನೋನ್ ಎಕ್ಸ್‌ಪೆಟೆಂಡುಮ್’, ಅಂದರೆ ಹೋಗತಕ್ಕ ಬಂದರಲ್ಲ. ಆ ವಾರ ನಾವು ಕಲಿಯುತ್ತಿದ್ದ ಗೆರಂಡಿವ್, ಅಂದರೆ ‘ಮಾಡತಕ್ಕ’ ಎಂಬ ಅರ್ಥದ ರೂಪ, ಅದೇ. ಯಾಕೆ ಹೋಗಬಾರದು? ಪಕ್ಕದಲ್ಲೇ ಕಡಲ್ಗಳ್ಳರು. ಅವರ ಜಾಗದ ಹೆಸರು ನಿಟ್ರಿಯಾಸ್.

ಅದು ನೇತ್ರಾವತಿಯೇ, ಅಂದರೆ ಮಂಗಳೂರೇ ಅಂತ ಹಲವರು ಹೇಳುತ್ತಾರೆ. ಎಲ್ಲ ಪಂಡಿತರೂ ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ.

“ಹಾಗಾದ್ರೆ ನಮ್ಮೂರಿನವರು ಕಳ್ಳರಾ ಫಾದರ್?” ಮಂಗಳೂರಿನದೇ ಬೋಳಾರದ ಹುಡುಗನಿಗೆ ನಿಜವಾಗಿ ಸಿಟ್ಟು ಬಂದಿತ್ತು.

“ಪ್ಲಿನಿ ಇಲ್ಲಿಗೆ ಬಂದೇ ಇಲ್ಲ. ವ್ಯಾಪಾರಿಗಳ ಮಾತು ಕೇಳಿ ಬರೆದದ್ದು. ನೀನು ಮುಂದಿನ ಸಾಲು ಓದು.”

ಹನ್ನೆರಡನೇ ಪುಸ್ತಕದಲ್ಲಿ ಮೆಣಸಿನ ರೇಟೂ ಇದೆ: ಒಂದು ರೋಮನ್ ಪೌಂಡಿಗೆ ಹಿಪ್ಪಲಿ 15 ಡಿನೇರಿಯಸ್ (ರೋಮನರ ಬೆಳ್ಳಿ ನಾಣ್ಯ), ಬಿಳಿ ಮೆಣಸು 7, ಕರಿಮೆಣಸು 4. ಖಾರ ಒಂದು ಬಿಟ್ಟರೆ ಇದರಲ್ಲಿ ಏನೂ ಇಲ್ಲ, ಇದಕ್ಕಾಗಿ ಭಾರತದವರೆಗೆ ಹೋಗಬೇಕಾ ಅಂತ ಅವನ ಗೊಣಗಾಟ. ಪುತ್ತೂರಿನ ಮೆಣಸು ಬೆಳೆಗಾರರ ಮನೆಯ ಹುಡುಗ ಕೂಡಲೇ ಪುಸ್ತಕದ ಹಿಂದೆ ಲೆಕ್ಕ ಹಾಕತೊಡಗಿದ. ಅವತ್ತು ವ್ಯಾಕರಣ ಮುಂದೆ ಹೋಗಲಿಲ್ಲ.

ಆ ಸಂಜೆ ತರಗತಿ ಈಗ ಇಲ್ಲವಂತೆ. ಆದರೆ ಪ್ಲಿನಿಯ ಮೂಲ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಕಡಲ್ಗಳ್ಳರು ಆರನೇ ಪುಸ್ತಕದ 104ನೇ ಖಂಡದಲ್ಲಿದ್ದಾರೆ.